ಇಪ್ಪತ್ತೆರಡು ಜನರ ಸಭೆ ಮುಂದೇನು ಮಾಡಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಚಿಕ್ಕ ಕ್ರೈಸ್ತ ಸಭೆಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ ಸಭೆ. ರಿಜಿಸ್ಟರಿನಲ್ಲಿ 31 ಮನೆಗಳಿವೆ, ಭಾನುವಾರ ಬರುವವರು 22 ಜನ. ಅರ್ಧಕ್ಕರ್ಧ ಅರವತ್ತು ದಾಟಿದವರು. ಅಯ್ಯನವರು (ಪಾದ್ರಿ) ಐದು ಊರು ನೋಡಿಕೊಳ್ಳಬೇಕು, ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ವಾರಗಳಲ್ಲಿ ಯಾರೋ ಒಬ್ಬರು ಬೈಬಲಿನ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಮುಗಿಸುತ್ತೇವೆ. ಇಲ್ಲಿ ಬಾಗಿಲು ಹಾಕಿ ಪಟ್ಟಣದ ಸಭೆಗೆ ಸೇರಿಕೊಂಡುಬಿಡೋಣ ಎನ್ನುತ್ತಾರೆ ಕೆಲವರು. ಇನ್ನು ಕೆಲವರಿಗೆ ಭಕ್ತಿಯನ್ನು ಮತ್ತೆ ಹುರಿದುಂಬಿಸುವ ಮೂರು ದಿನದ ಉಜ್ಜೀವನ ಕೂಟ ಇಡಿಸುವ ಆಸೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಬಾಗಿಲು ಹಾಕಿದರೆ ಪಟ್ಟಣಕ್ಕೆ ಹೋಗುವವರು ಗಾಡಿ ಇರುವ ನಾಲ್ಕೈದು ಮನೆಯವರು ಮಾತ್ರ, ಅಜ್ಜಿಯರು ಮನೆಯಲ್ಲೇ ಉಳಿಯುತ್ತಾರೆ. ಕೂಟಕ್ಕೆ ಶಾಮಿಯಾನ, ಮೈಕ್ ಸೆಟ್ಟು, ಹೊರಗಿನ ಭಾಷಣಕಾರರು, ಮೂರು ಹೊತ್ತಿನ ಊಟ ಎಂದು ಖರ್ಚಾಗುವ ಹಣದಲ್ಲಿ ನಿಮ್ಮ ಸಭೆ ಎರಡು ವರ್ಷ ನಡೆಯುತ್ತದೆ. ನಾಲ್ಕನೇ ದಿನ ಮತ್ತೆ ಅದೇ 22 ಜನ.

ಮೊದಲು ಮನೆ ಸುತ್ತಿ. ಇಬ್ಬಿಬ್ಬರಂತೆ, ಒಬ್ಬ ಗಂಡಸು, ಒಬ್ಬ ಹೆಂಗಸು, ವಾರಕ್ಕೆ ನಾಲ್ಕು ಮನೆ. ಎಂಟು ವಾರದಲ್ಲಿ 31 ಮನೆಯೂ ಮುಗಿಯುತ್ತದೆ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಹೊರಗೆ ದುಡಿಯುವವರು ಎಲ್ಲಿದ್ದಾರೆ, ಯಾರಿಗೆ ಕಾಯಿಲೆ, ಭಾನುವಾರ ಬೆಳಿಗ್ಗೆ ಮನೆಯಲ್ಲಿ ಏನು ಕೆಲಸವಿರುತ್ತದೆ, ಇಷ್ಟೇ ಕೇಳಿ. "ಯಾಕೆ ಚರ್ಚಿಗೆ ಬರ್ತಿಲ್ಲ?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಒಂದು ನೆಪ ಹೇಳಿ ಕಳಿಸುತ್ತಾರೆ, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ಕೊನೆಯ ಪ್ರಶ್ನೆಯ ಉತ್ತರದಲ್ಲೇ ಹೆಚ್ಚು ಸಭೆಗಳ ರೋಗ ಸಿಗುತ್ತದೆ. ಎಂಟೂವರೆಗೆ ಆರಾಧನೆ ಇಟ್ಟರೆ, ಡೇರಿಗೆ ಹಾಲು ಹಾಕಿ ಬಂದು ದನಕ್ಕೆ ಮೇವು ಹಾಕುವ ಮನೆಯವರು ಬರಲಾರರು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಬಟ್ಟೆ ಒಗೆಯಲು, ತಲೆಗೆ ನೀರು ಹಾಕಿಕೊಳ್ಳಲು ಇರುವುದು ಅದೊಂದೇ ಬೆಳಿಗ್ಗೆ. ರೇಷ್ಮೆ ಮನೆಗಳಲ್ಲಂತೂ ಹುಳು ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಮೇಲೆ ಏಳೆಂಟು ದಿನ ಯಾರೂ ಅಲ್ಲಾಡುವಂತಿಲ್ಲ, ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಹೆಚ್ಚುಪಾಲನ್ನು ತಿನ್ನುವುದೇ ಆಗ. ಇವರೆಲ್ಲರ ಭಕ್ತಿ ಕಡಿಮೆಯಾಗಿಲ್ಲ, ನಿಮ್ಮ ಗಂಟೆ ಹೊಂದುತ್ತಿಲ್ಲ. ಹತ್ತೂವರೆಗೋ ಸಂಜೆ ಐದಕ್ಕೋ ಬದಲಿಸಿ, ಮೂರು ತಿಂಗಳು ನೋಡಿ. ಹುಳು ಕೊನೆಯ ಹಂತದಲ್ಲಿರುವ ಮನೆಗೆ ಆ ವಾರ ನೀವೇ ಹೋಗಿ ಹಜಾರದಲ್ಲಿ ಹದಿನೈದು ನಿಮಿಷ ಪ್ರಾರ್ಥಿಸಿ. ಹುಳುಮನೆಯ ಒಳಗೆ ಹೋಗಬೇಡಿ, ಕಾಲಿನ ಧೂಳಿನಿಂದಲೂ ಹುಳುವಿಗೆ ರೋಗ ತಗಲುತ್ತದೆ.

ರಿಜಿಸ್ಟರಿನ ವಿಷಯದಲ್ಲಿ ಒಂದು ಎಚ್ಚರಿಕೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನವಿದೆ. ದಲಿತ ಕ್ರೈಸ್ತರಿಗೆ ಇಲ್ಲ. ಮಕ್ಕಳ ಓದು, ಕೆಲಸ ನೆನೆದು ಎಷ್ಟೋ ಮನೆಗಳು ಹೆಸರು ಬರೆಸಲು ಹಿಂಜರಿಯುತ್ತವೆ. ಇದು ನೋವಿನ ವಿಷಯ, ಸಭೆಯಲ್ಲಿ ಎತ್ತಿ ಆಡುವ ವಿಷಯವಲ್ಲ. ಬಂದವರನ್ನು ಪ್ರೀತಿಯಿಂದ ಕೂರಿಸಿ. ಅವರ ಒಪ್ಪಿಗೆಯಿಲ್ಲದೆ ಹೆಸರನ್ನು ನೋಟಿಸ್ ಬೋರ್ಡಿಗೆ, ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಅಯ್ಯನವರು ಬಾರದ ಮೂರು ಭಾನುವಾರಗಳನ್ನು ಈಗಿನಂತೆ "ಯಾರೋ ಒಬ್ಬರಿಗೆ" ಬಿಡಬೇಡಿ. ನಾಲ್ವರನ್ನು ಗೊತ್ತುಮಾಡಿ, ಅವರಲ್ಲಿ ಇಬ್ಬರಾದರೂ ಹೆಂಗಸರು, ಒಬ್ಬರು ಮೂವತ್ತರೊಳಗಿನವರು ಇರಲಿ. ಒಬ್ಬರಿಗೆ ತಿಂಗಳಿಗೆ ಒಂದೇ ವಾರ. ಒಟ್ಟು ಒಂದು ಗಂಟೆ ಸಾಕು. ಹಾಡು, ಪಾಪನಿವೇದನೆಗೆ ಹನ್ನೆರಡು ನಿಮಿಷ, ಕೀರ್ತನೆಗೂ ಬೈಬಲಿನ ಎರಡು ಪಾಠಗಳಿಗೂ ಹತ್ತು, ಪ್ರಸಂಗಕ್ಕೆ ಹನ್ನೆರಡು, ಬೇರೆಯವರಿಗಾಗಿ ಬೇಡುವ ವಿಜ್ಞಾಪನ ಪ್ರಾರ್ಥನೆಗೆ ಹದಿನೈದು, ಕಾಣಿಕೆ, ಪ್ರಕಟಣೆ, ಕೊನೆಯ ಹಾಡಿಗೆ ಉಳಿದದ್ದು. ಸ್ವಂತ ಪ್ರಸಂಗ ಕಟ್ಟಲು ಬಾರದವರು ಅಯ್ಯನವರು ಬರೆದುಕೊಟ್ಟ ಎರಡು ಪುಟವನ್ನು ಓದಲಿ, ತಪ್ಪೇನಿಲ್ಲ. ಎಡವುವುದು ಬೇರೆ ಕಡೆ. ಚೆನ್ನಾಗಿ ಮಾತಾಡುವ ಒಬ್ಬರೇ ಮೂರೂ ವಾರ ಹಿಡಿದುಕೊಳ್ಳುತ್ತಾರೆ, ಆರು ತಿಂಗಳಲ್ಲಿ ಅವರು ದಣಿಯುತ್ತಾರೆ, ಉಳಿದವರು ನೋಡುಗರಾಗುತ್ತಾರೆ.

ವಿಜ್ಞಾಪನೆಗೆ ಪ್ರಸಂಗಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದು ಬೇಕೆಂದೇ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿ (29ನೇ ಅಧ್ಯಾಯ), ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಮಾತಿದೆ. ಹಾಗಾದರೆ ಊರಿನ ಬೀದಿಗಳನ್ನು ವಾರಕ್ಕೊಂದರಂತೆ ಹಂಚಿಕೊಂಡು ಪ್ರಾರ್ಥಿಸಿ. ಬತ್ತಿದ ಬೋರ್‌ವೆಲ್, ಮುರಿದುಬಿದ್ದ ಸೇತುವೆ, ಪರೀಕ್ಷೆ ಬರೆಯುವ ಮಕ್ಕಳು, ಯಾವ ಮತದವರೇ ಆಗಲಿ ಹಾಸಿಗೆ ಹಿಡಿದವರು. ಹೀಗೆ ಪ್ರಾರ್ಥಿಸುವ ಸಭೆ ಸೋಮವಾರ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆದುಹೋಗಲಾರದು. ಉಜ್ಜೀವನ ಅಲ್ಲಿಂದ ಶುರುವಾಗುತ್ತದೆ ಎಂಬುದು ನಮ್ಮ ನಂಬಿಕೆ.

ಕರ್ತನ ಭೋಜನ ಸಂಸ್ಕಾರವನ್ನು (ರೊಟ್ಟಿ, ದ್ರಾಕ್ಷಾರಸ ಹಂಚುವುದನ್ನು) ಅಯ್ಯನವರೇ ನಡೆಸಬೇಕು. ಅದಕ್ಕೆ ಅವರು ಬರುವ ತಾರೀಖನ್ನು ಇಡೀ ವರ್ಷಕ್ಕೆ ಮೊದಲೇ ಬರೆಸಿಕೊಳ್ಳಿ. ಆ ದಿನ ಮಧ್ಯಾಹ್ನ ಎದ್ದು ಬರಲಾಗದವರ ಮನೆಗಳಿಗೆ ಸಂಸ್ಕಾರ ಕೊಂಡೊಯ್ಯಲು ಅವರಿಗೆ ಎರಡು ಗಂಟೆ ಬಿಡುವು ಮಾಡಿಕೊಡಿ. ಕಮಿಟಿ ಮೀಟಿಂಗನ್ನು ಅದೇ ದಿನಕ್ಕೆ ತುರುಕಬೇಡಿ.

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಊರಲ್ಲಿ ಹೆಂಚಿನ ಹಳೇ ಚರ್ಚಿದೆ, ಸುತ್ತ ಜಾಗವಿದೆ, ಕೈಯಲ್ಲಿ ದುಡ್ಡಿಲ್ಲ. ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕೆಂದಿದ್ದೇವೆ. ನೀರಿನಲ್ಲಿ ಫ್ಲೋರೈಡ್ ಇದೆ. ಏನು ಮಾಡಬಹುದು?

ಉತ್ತರ: ಉತ್ತರ ನಿಮ್ಮ ತಲೆಯ ಮೇಲೇ ಇದೆ. ಬಾಗೇಪಲ್ಲಿ ಕಡೆಯಿಂದ ಪಾವಗಡದವರೆಗೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಡುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಾಗ 1.5 ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಅದರ ಅಂಶ ಇನ್ನಷ್ಟು ಹೆಚ್ಚುತ್ತದೆ. ಮಳೆ ನೀರಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಲೆಕ್ಕ ಹೀಗೆ. ಕಟ್ಟಡ 50 ಅಡಿ ಉದ್ದ, 25 ಅಡಿ ಅಗಲ ಇದ್ದರೆ ಸುಮಾರು 116 ಚದರ ಮೀಟರ್. ಹೆಂಚಿನ ಇಳಿಜಾರನ್ನು ಅಳೆಯಬೇಡಿ, ನೆಲದ ಅಳತೆಯೇ ಲೆಕ್ಕ. ಒಂದು ಮಿಲಿಮೀಟರ್ ಮಳೆಗೆ 116 ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದು, ಸಿಡಿದು ಆರಿ ಹೋಗುವ ಐದನೇ ಒಂದು ಭಾಗ ಕಳೆದರೂ ಸುಮಾರು 65,000 ಲೀಟರ್ ಕೈಗೆ ಸಿಗುತ್ತದೆ. ಅಷ್ಟನ್ನೂ ಹಿಡಿಯಲು ಹೋಗಬೇಡಿ. 5,000 ಲೀಟರಿನ ಎರಡು ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಸಾಕು. ಸುಮಾರು 110 ಮಿಲಿಮೀಟರ್ ಮಳೆಗೆ ಎರಡೂ ತುಂಬುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತುಂಬಿಸಿ ಮುಚ್ಚಿಟ್ಟರೆ ಬೇಸಿಗೆಗೆ ಸಿಗುತ್ತದೆ.

ಎರಡೂ ಬದಿಯ ಸೂರಿಗೆ 6 ಇಂಚಿನ ಅರ್ಧ ಪಿವಿಸಿ ಪೈಪಿನ ದೋಣಿ ಕಟ್ಟಿಸಿ, 10 ಅಡಿಗೆ ಒಂದು ಇಂಚು ಇಳಿಜಾರು ಬರಲಿ. ಕೆಳಗಿಳಿಯುವ ಪೈಪು 4 ಇಂಚಿನದು, ಬದಿಗೊಂದು. ಟ್ಯಾಂಕಿಗೆ ಮೊದಲು 250 ಲೀಟರಿನ ಒಂದು ಡ್ರಮ್ಮಿಗೆ ನೀರು ಬೀಳುವಂತೆ ಮಾಡಿ. ಪ್ರತಿ ಮಳೆಯ ಮೊದಲ 2 ಮಿಲಿಮೀಟರ್, ಅಂದರೆ ಪಾರಿವಾಳದ ಹಿಕ್ಕೆ, ಧೂಳು, ಹುಣಸೆ ಎಲೆಗಳ ನೀರು, ಅಲ್ಲೇ ನಿಲ್ಲುತ್ತದೆ. ಡ್ರಮ್ಮಿನ ತಳದ ನಲ್ಲಿ ಸದಾ ತೊಟ್ಟಿಕ್ಕುತ್ತಿರಲಿ. ಪೂರ್ತಿ ಮುಚ್ಚಿದರೆ ಮುಂದಿನ ಮಳೆಗೆ ಡ್ರಮ್ಮು ತುಂಬೇ ಇರುತ್ತದೆ, ಕೊಳೆಯೆಲ್ಲ ಟ್ಯಾಂಕಿಗೆ ನುಗ್ಗುತ್ತದೆ. ಇಂಥ ವ್ಯವಸ್ಥೆಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಡ್ರಮ್ಮಿಗೂ ಟ್ಯಾಂಕಿಗೂ ನಡುವೆ ಜಲ್ಲಿ, ಇದ್ದಿಲು, ದಪ್ಪ ಮರಳಿನ ಸೋಸು ತೊಟ್ಟಿ ಇರಲಿ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬಿಚ್ಚಿ ತೊಳೆಯಿರಿ. ಬೇಸಿಗೆಯ ನಂತರದ ಮೊದಲ ಎರಡು ಮಳೆಯನ್ನು ಪೂರ್ತಿ ಹೊರಗೆ ಬಿಡಿ. ಟ್ಯಾಂಕಿನ ಗಾಳಿ ಕಿಂಡಿಗೆ ಸಣ್ಣ ಜಾಲರಿ ಕಟ್ಟದಿದ್ದರೆ ಸೊಳ್ಳೆ ಮರಿ ಹಾಕುತ್ತದೆ, ಡೆಂಗಿ ತಂದವರೆಂಬ ಹೆಸರು ನಿಮಗೆ ಬರುತ್ತದೆ. ಕೊಡುವ ಮೊದಲು ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಕಲಸಿ, ತಿಳಿಯನ್ನು ಹಾಕಿ ಒಂದು ಗಂಟೆ ಬಿಡಿ. ಸೂರು ಆಸ್ಬೆಸ್ಟಾಸ್ ಶೀಟಿನದಾಗಿದ್ದರೆ, ಹೆಂಚಿಗೆ ಬಣ್ಣ ಬಳಿದಿದ್ದರೆ ಆ ನೀರು ಗಿಡಗಳಿಗೆ ಸರಿ, ಕುಡಿಯಲು ಬೇಡ.

ಈಗ ಯಾರಿಗೆ ಕೊಡುವುದು? ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್. ಹಾಗಾದರೆ 10,000 ಲೀಟರ್ ಐದು ಮನೆಗೆ 100 ದಿನ ಬರುತ್ತದೆ. ಐದೇ ಮನೆಯೇ ಎನಿಸಬಹುದು. ಹಲ್ಲಿನ ಕಲೆ ಬೀಳುವುದು ಎಂಟು ವರ್ಷದೊಳಗಿನ ಮಕ್ಕಳಿಗೆ, ಹಲ್ಲು ಒಸಡಿನೊಳಗೆ ಬೆಳೆಯುವ ಕಾಲದಲ್ಲಿ. ಆ ವಯಸ್ಸಿನ ಮಕ್ಕಳಿರುವ ಐದು ಮನೆ ಎಂದರೆ ಚಿಕ್ಕ ಕೆಲಸವೇನಲ್ಲ. ಆ ಮನೆಗಳ ಪಟ್ಟಿಯನ್ನು ನೀವು ಮಾಡಬೇಡಿ. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಅವರು ಹೇಳಿದ ಮನೆಗಳಿಗೆ ಕೊಡಿ. ಅಲ್ಲಿ ಒಂದು ಮನೆಯೂ ಕ್ರೈಸ್ತರದ್ದಲ್ಲದಿದ್ದರೂ ಸರಿ.

ಚರ್ಚಿನ ಆಸ್ತಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿದ್ದರೆ, ಕಟ್ಟಡಕ್ಕೆ ಕೈ ಹಾಕುವ ಮುಂಚೆ ಪಾಸ್ಟರೇಟ್ (ಅಯ್ಯನವರ ವ್ಯಾಪ್ತಿಯ ಸಭೆಗಳ) ಕಮಿಟಿಯಲ್ಲಿ ನಿರ್ಣಯ ಬರೆದು, ಅಯ್ಯನವರ ಮೂಲಕ ಡಯಾಸಿಸ್ (ಬಿಷಪ್ಪರ) ಕಚೇರಿಗೆ ಪತ್ರ ಕೊಡಿ.

ಪ್ರಶ್ನೆ: ಏನೇ ಸೇವೆ ಮಾಡಲು ಹೋದರೂ "ಮತಾಂತರ ಮಾಡ್ತಾರೆ" ಎಂಬ ಮಾತು ಬರುತ್ತದೆ. ಹೆದರಿ ಸುಮ್ಮನಿದ್ದೇವೆ. (ಕೋಲಾರ ಜಿಲ್ಲೆ)

ಉತ್ತರ: ಸುಮ್ಮನಿದ್ದರೆ ಅನುಮಾನ ಕರಗುವುದಿಲ್ಲ, ಮುಚ್ಚಿದ ಬಾಗಿಲನ್ನು ಕಂಡರೆ ಬೆಳೆಯುತ್ತದೆ. ಮಾಡುವ ಕೆಲಸವನ್ನು ಬೆಳಕಿನಲ್ಲಿ ಮಾಡಿ. ಶುರು ಮಾಡುವ ಮುನ್ನ ಗ್ರಾಮ ಪಂಚಾಯಿತಿ ಪಿಡಿಒಗೆ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಏನು, ಎಲ್ಲಿ, ಎಷ್ಟು ಹೊತ್ತಿಗೆ, ಯಾರ ದುಡ್ಡಿನಲ್ಲಿ ಎಂಬುದು ಅದರಲ್ಲಿರಲಿ. ಶಾಲೆಯ ಮೇಷ್ಟ್ರು, ದೇವಸ್ಥಾನದ ಸಮಿತಿಯವರು, ಮಸೀದಿಯ ಹಿರಿಯರು, ಇವರನ್ನೆಲ್ಲ ಮನೆಗೆ ಹೋಗಿ ಕರೆಯಿರಿ.

ನಿಯಮ ಒಂದೇ, ಅದನ್ನು ಮುರಿಯಬೇಡಿ: ನೀರು ಹಿಡಿಯಲು ಬಂದವರ ಕೈಗೆ, ಪಾಠಕ್ಕೆ ಬಂದ ಮಗುವಿನ ಚೀಲಕ್ಕೆ ಕರಪತ್ರ ಹಾಕಬೇಡಿ, ಬಂದವರ ಮುಂದೆ ಪ್ರಾರ್ಥನೆಗೆ ಕೂರಿ ಎನ್ನಬೇಡಿ. ನಂಬಿಕೆಯ ಬಗ್ಗೆ ಅವರಾಗಿ ಕೇಳಿದರೆ ಬೇರೆ ದಿನ, ಬೇರೆ ಜಾಗದಲ್ಲಿ ಮಾತಾಡಿ. ಯೇಸು ಹೇಳಿದ ಕಥೆಯ ಸಮಾರ್ಯದವನು ಗಾಯಾಳುವಿಗೆ ಎಣ್ಣೆ ಸುರಿದು ಕಟ್ಟುವಾಗ ಯಾವ ಷರತ್ತೂ ಹಾಕಲಿಲ್ಲ. ವಿದೇಶದ ಹಣವನ್ನು ವಿದೇಶಿ ದೇಣಿಗೆ ಕಾಯ್ದೆಯಡಿ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಪಡೆಯಬೇಡಿ, ನೆಂಟರ ಖಾತೆಯ ಮೂಲಕವೂ ಬೇಡ. ಮಕ್ಕಳ ಕೆಲಸವಾದರೆ ಯಾವಾಗಲೂ ಇಬ್ಬರು ದೊಡ್ಡವರು, ತೆರೆದ ಬಾಗಿಲು, ತಂದೆತಾಯಿಯ ಬರಹದ ಒಪ್ಪಿಗೆ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮಾನ ಎಂದು ಮುಚ್ಚಿಡುವುದು ಪಾಪವೂ ಹೌದು, ಅಪರಾಧವೂ ಹೌದು. ಮಕ್ಕಳ ಸಹಾಯವಾಣಿ 1098ನ್ನು ಗೋಡೆಗೆ ಬರೆಸಿ.

ಊರಹಬ್ಬದ ದಿನ ಚರ್ಚಿನ ಮೈದಾನದಲ್ಲಿ ಬಂದವರ ಗಾಡಿ ನಿಲ್ಲಿಸಲು ಬಿಡಿ, ಗೇಟಿನಲ್ಲಿ ನೀರು ಮಜ್ಜಿಗೆ ಇಡಿ. ಪ್ರಸಾದ ತೆಗೆದುಕೊಳ್ಳಬೇಕೇ ಎಂಬ ಜಗಳ ಸಭೆಯೊಳಗೆ ಏಳುತ್ತದೆ. ಅದು ಪೌಲನ ಕಾಲದ ಕೊರಿಂಥದಲ್ಲೇ ಎದ್ದ ಜಗಳ. ಅವರವರ ಮನಸ್ಸಾಕ್ಷಿಗೆ ಬಿಡಿ.

ಪ್ರಶ್ನೆ: ನಮ್ಮಲ್ಲಿ ಮನೆಮಾತು ತೆಲುಗು, ಕೆಲವರದ್ದು ತಮಿಳು, ಆರಾಧನೆ ಕನ್ನಡದಲ್ಲಿ. ವಯಸ್ಸಾದವರು ಹಾಡುವುದನ್ನೇ ಬಿಟ್ಟಿದ್ದಾರೆ.

ಉತ್ತರ: ಆರಾಧನೆಯ ಕ್ರಮ ಕನ್ನಡದಲ್ಲೇ ಇರಲಿ, ಮಕ್ಕಳು ಶಾಲೆಯಲ್ಲಿ ಓದುವುದು ಅದನ್ನೇ. ಒಂದು ಪಾಠವನ್ನು ತೆಲುಗು ಇಲ್ಲವೇ ತಮಿಳು ಸತ್ಯವೇದದಿಂದ ಹಿರಿಯರೊಬ್ಬರು ಓದಲಿ, ವಿಜ್ಞಾಪನೆಯಲ್ಲಿ ಅವರವರ ಮಾತಿನಲ್ಲಿ ಪ್ರಾರ್ಥಿಸಲು ಬಿಡಿ. ಪ್ರಸಂಗವನ್ನು ವಾಕ್ಯ ವಾಕ್ಯಕ್ಕೂ ತರ್ಜುಮೆ ಮಾಡಬೇಡಿ. ಹನ್ನೆರಡು ನಿಮಿಷದ್ದು ಇಪ್ಪತ್ತೈದಾಗುತ್ತದೆ, ಎರಡು ಭಾಷೆಯವರೂ ಅರ್ಧ ಹೊತ್ತು ಕಾಯುತ್ತಾರೆ. ಕೊನೆಯಲ್ಲಿ ಎರಡು ನಿಮಿಷ ಸಾರ ಹೇಳಿದರೆ ಸಾಕು.

ಹಾಡು ನಿಂತಿರುವುದಕ್ಕೆ ಭಾಷೆಯೊಂದೇ ಕಾರಣವಲ್ಲ ಎಂದು ನಮ್ಮ ಅನುಮಾನ. ಇಂಗ್ಲಿಷ್ ರಾಗಗಳನ್ನು ಪುಸ್ತಕದಲ್ಲಿದ್ದ ಶ್ರುತಿಯಲ್ಲೇ ಹಿಡಿದರೆ ವಯಸ್ಸಾದ ಕಂಠಕ್ಕೆ ಎಟುಕುವುದಿಲ್ಲ. ಹಾರ್ಮೋನಿಯಂನಲ್ಲಿ ಎರಡು ಮೂರು ಕೀ ಕೆಳಗಿಳಿಸಿ. ಮೂರು ತಿಂಗಳಿಗೆ ಹನ್ನೆರಡೇ ಹಾಡು ಆರಿಸಿ, ಅದರಲ್ಲಿ ಎಂಟಾದರೂ ನಮ್ಮ ರಾಗದ ಭಜನೆಗಳಿರಲಿ, ಎರಡು ತೆಲುಗು. ಆರಾಧನೆಗೆ ಹತ್ತು ನಿಮಿಷ ಮುಂಚೆ ಹೊಸ ಹಾಡಿನ ಪಲ್ಲವಿ ಕಲಿಸಿ. ಚಿಕ್ಕ ಸಭೆಗೆ ಮೈಕ್ ಬೇಡವೇ ಬೇಡ. ಮೈಕ್ ಹಿಡಿದವರ ದನಿ ಉಳಿದವರ ದನಿಯನ್ನು ನುಂಗುತ್ತದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಸಿಎಸ್‌ಐ ಸಭೆಯಲ್ಲಿ 30 ಜನ, ಮೆಥೋಡಿಸ್ಟ್ ಸಭೆಯಲ್ಲಿ 25 ಜನ. ಒಂದಾಗಬಾರದೇ?

ಉತ್ತರ: ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಹುಟ್ಟಿದಾಗ ತುಮಕೂರು ಕಡೆಯ ವೆಸ್ಲಿಯನ್ ಮಿಷನ್ ಸಭೆಗಳು, ಚಿಕ್ಕಬಳ್ಳಾಪುರ ಕಡೆಯ ಲಂಡನ್ ಮಿಷನ್ ಸಭೆಗಳು ಅದರೊಳಗೆ ಬಂದವು. ಕೋಲಾರದಲ್ಲಿ 1910ರಲ್ಲಿ ಶುರುವಾದ ಇಟಿಸಿಎಂ ಆಸ್ಪತ್ರೆಯನ್ನು ನಡೆಸಿದ ಅಮೆರಿಕನ್ ಮೂಲದ ಮೆಥೋಡಿಸ್ಟರು ಹೊರಗೇ ಉಳಿದರು. ಆಡಳಿತ, ಆಸ್ತಿ, ಬಿಷಪ್ಪರು ಬೇರೆ ಬೇರೆ, ಆದ್ದರಿಂದ ಎರಡನ್ನು ಕೂಡಿಸುವುದು ಊರಿನವರ ಕೈಯಲ್ಲಿಲ್ಲ. ಕೂಡಿ ಮಾಡುವುದು ಇದೆ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರವನ್ನು ಒಂದು ಸಂಜೆ ಇಲ್ಲಿ, ಒಂದು ಸಂಜೆ ಅಲ್ಲಿ ನಡೆಸಿ. ಶುಭ ಶುಕ್ರವಾರದಂದು ಧ್ಯಾನಿಸುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಎರಡೂ ಸಭೆಯ ಏಳು ಜನ ಹಂಚಿಕೊಳ್ಳಲಿ. ಬೇಸಿಗೆ ರಜೆಯ ಮಕ್ಕಳ ಬೈಬಲ್ ಶಾಲೆ (ವಿಬಿಎಸ್) ಒಂದೇ ನಡೆಯಲಿ. ಹನ್ನೊಂದು ಮಕ್ಕಳ ಎರಡು ವಿಬಿಎಸ್‌ಗಿಂತ ಇಪ್ಪತ್ತೆರಡು ಮಕ್ಕಳ ಒಂದು ವಿಬಿಎಸ್ ಎಷ್ಟೋ ಚೆಂದ.

ಪ್ರಶ್ನೆ: ಸಭೆಗೆ ಕಾಣಿಕೆಯಾಗಿ ತಂದ ಬೆಳೆಯನ್ನು ಕೂಗುವ ಬೆಳೆ ಹಬ್ಬದ ಹರಾಜಿನಿಂದ ಪ್ರತಿ ವರ್ಷ ಜಗಳ. ಯುವಕರೆಲ್ಲ ಬೆಂಗಳೂರಲ್ಲಿ, ಕ್ರಿಸ್‌ಮಸ್‌ಗೆ ಮಾತ್ರ ಬರುತ್ತಾರೆ. ಎರಡಕ್ಕೂ ದಾರಿ ಹೇಳಿ. (ಬಂಗಾರಪೇಟೆ ಕಡೆಯಿಂದ)

ಉತ್ತರ: ಜಗಳದ ಬೇರು ಸಾಲದಲ್ಲಿದೆ. ಹುರುಪಿನಲ್ಲಿ ಒಂದು ತೆಂಗಿನಕಾಯಿಯನ್ನು 2,000 ರೂಪಾಯಿಗೆ ಕೂಗುತ್ತಾರೆ, "ಬರೆದುಕೊಳ್ಳಿ" ಎನ್ನುತ್ತಾರೆ, ಮುಂದಿನ ಹಬ್ಬದವರೆಗೂ ಕೊಡುವುದಿಲ್ಲ. ಕೇಳಿದವರು ಕೆಟ್ಟವರಾಗುತ್ತಾರೆ. ಬರೆದುಕೊಳ್ಳುವ ಪದ್ಧತಿಯನ್ನೇ ನಿಲ್ಲಿಸಿ. ಅಂದೇ ನಗದು, ಇಲ್ಲವೇ ಸಭೆಯ ಬ್ಯಾಂಕ್ ಖಾತೆಯ ಕ್ಯೂಆರ್. ಖಜಾಂಚಿಯ ಸ್ವಂತ ಫೋನ್‌ಪೇ ಬೇಡ. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಸಹಿ ಹಾಕಲಿ, ಖಾತೆಗೆ ಇಬ್ಬರ ರುಜು ಇರಲಿ, ತಿಂಗಳ ಜಮಾ ಖರ್ಚನ್ನು ಬಾಗಿಲ ಹತ್ತಿರ ಅಂಟಿಸಿ. ಬಂದ ರಾಗಿ, ಕುಂಬಳಕಾಯಿ, ಅವರೆಕಾಯಿಯಲ್ಲಿ ಅರ್ಧವನ್ನು ಹರಾಜಿಗೆ ಹಾಕದೆ ಬದಿಗಿಡಿ, ಅದನ್ನು ಅದೇ ಸಂಜೆ ನೆರೆಹೊರೆಯಲ್ಲಿ ಒಂಟಿಯಾಗಿರುವ ಮುದುಕರ ಮನೆಗಳಿಗೆ ತಲುಪಿಸಿ. ಹರಾಜಿನಲ್ಲಿ ಕೂಗಲಾಗದ ಬಡವರೂ ಆಗ ಹಬ್ಬದಲ್ಲಿ ಕೈ ಹಾಕುತ್ತಾರೆ, ಹೊರೆ ಹೊರುವವರು ಬೇಕಲ್ಲ.

ಯುವಕರ ವಿಷಯ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ ನಿಮ್ಮ ಕಡೆಯ ದುಡಿಮೆ ಬೆಂಗಳೂರಿನ ರೈಲು ಹತ್ತಿತು. ಬೆಳಿಗ್ಗೆ ಕತ್ತಲಲ್ಲಿ ಹೊರಟು ರಾತ್ರಿ ಬರುವವರನ್ನು ವಾರದ ಯೌವನಸ್ಥರ ಕೂಟಕ್ಕೆ ಬಾ ಎಂದರೆ ಬರುವುದಿಲ್ಲ. ಇಡೀ ವರ್ಷಕ್ಕೆ ಒಂದೇ ಕೆಲಸ ಕೇಳಿ. ಎರಡನೇ ಶನಿವಾರ ರಜೆ ಇರುವವರು ಸಂಜೆ ನಾಲ್ಕರಿಂದ ಆರರವರೆಗೆ ಊರಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಚರ್ಚಿನ ಹಾಲಿನಲ್ಲಿ ಗಣಿತ, ಇಂಗ್ಲಿಷ್ ಹೇಳಿಕೊಡಲಿ. ಜೂನ್‌ನಿಂದ ಫೆಬ್ರವರಿಗೆ ಒಂಬತ್ತು ಶನಿವಾರ. ಹದಿನೈದು ಮಕ್ಕಳಿಗಿಂತ ಹೆಚ್ಚು ಬೇಡ, ಹೆಚ್ಚಾದರೆ ಟ್ಯೂಷನ್ ಹೋಗಿ ಸಂತೆಯಾಗುತ್ತದೆ. ಕ್ರಿಸ್‌ಮಸ್‌ಗೆ ಬಂದವರನ್ನು ವೇದಿಕೆ ಕಟ್ಟಲು ಮಾತ್ರ ಬಳಸಬೇಡಿ, ಹಾಡುತ್ತ ಮನೆಮನೆಗೆ ಹೋಗುವ ಕ್ಯಾರಲ್ ಸುತ್ತನ್ನು ಪೂರ್ತಿ ಅವರ ಕೈಗೆ ಕೊಡಿ. ಕರೆದ ನೆರೆಮನೆಗಳಿಗೂ ಹೋಗಲಿ, ಕರೆಯದ ಮನೆಯ ಮುಂದೆ ನಿಲ್ಲುವುದು ಬೇಡ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಷಿದ್ಧ, ಅಷ್ಟರೊಳಗೆ ಮುಗಿಸಿ. ಸುತ್ತಿನ ತಾರೀಖನ್ನು ನವೆಂಬರ್ ಮೊದಲ ವಾರದಲ್ಲೇ ತಿಳಿಸಿಬಿಡಿ. ಶಿಫ್ಟ್ ಬದಲಿಸಿಕೊಳ್ಳಲು ಅವರಿಗೆ ಅಷ್ಟು ಸಮಯ ಬೇಕು.